ಹಗ್ಗದ ಲೆಕ್ಕ

"ದೊಡ್ಡವಳಾದ್ಮೇಲೆ ಹೇಳ್ತೀನಮ್ಮ" ಎಂದು ಚಿಕ್ಕಂದಿನಲ್ಲಿ ಅಮ್ಮನಿಗೆ ಕೊಟ್ಟಿದ್ದ ಮಾತು, ಅಂಗಳದಲ್ಲಿ ಚಿಕ್ಕಪ್ಪ ಚಾಕು ಬಿಚ್ಚಿದಾಗ ಮಗಳಿಗೆ ನೆನಪಾಯಿತು.

"ಅಯ್ಯೋ, ಕತ್ತರಿಸಬೇಡಿ!"

"ಪೆಟ್ಟಿಗೆ ಹೊರೋರ ತಲೆಗೆ ತಾಗುತ್ತೆ ಕಣಮ್ಮ. ಬಟ್ಟೆ ಹಗ್ಗಾನ ಬಾಗಿಲಿಗೇ ಅಡ್ಡ ಕಟ್ಟಿದ್ದಾಳೆ ನೋಡು, ನಿಮ್ಮಮ್ಮ."

"ಕವೆಗೋಲು ಇದೆ. ನಾನೇ ಎತ್ತಿ ಹಿಡೀತೀನಿ."

"ಕಾಲೇಜಲ್ಲಿ ಲೆಕ್ಕ ಹೇಳೋಳು, ಒಂದು ಹಗ್ಗಕ್ಕೆ ಜೀವ ಬಿಡ್ತಾಳೆ!"

"ನೀವು ಸುಮ್ನಿರಿ," ಚಿಕ್ಕಮ್ಮ ಮೂಗು ಒರೆಸಿಕೊಂಡಳು. "ಅದು ಲೆಕ್ಕ ಮಾಡೋವಾಗ ಅಕ್ಕ ನಮ್ಮನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ."

*

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುತ್ತಿದ್ದಳು. ಒಗೆಯುವ ಸೋಡಾದಿಂದ ಬೆರಳುಗಳು ಸದಾ ಬಿಳಿಚಿಕೊಂಡಿರುತ್ತಿದ್ದವು. ಒಣಗಿದ ಕೊನೆಯ ಬೆಡ್‌ಶೀಟು ಎಳೆದುಕೊಂಡಾಗ ಹಗ್ಗ ಮೇಲೆ ಕೆಳಗೆ ಕುಣಿಯುತ್ತಿತ್ತು.

"ಮುಟ್ಬೇಡ, ಲೆಕ್ಕ ಮಾಡ್ತಿದೆ."

ಕುಣಿತ ನಿಂತು ಹಗ್ಗ ತನ್ನ ಹಳೆಯ ಬಾಗಿಗೆ ಮರಳಿದರೆ, "ಹಾಂ, ಉತ್ತರ ಬಂತು. ಯಾವತ್ತೂ ತಪ್ಪಲ್ಲ. ಇದಕ್ಕೆ ಯಾರೇ ಕಲಿಸಿದ್ದು?"

"ದೊಡ್ಡವಳಾದ್ಮೇಲೆ ಹೇಳ್ತೀನಮ್ಮ" ಎನ್ನುತ್ತಿದ್ದಳು ಪುಟ್ಟ ಮಗಳು.

ಮುಂದೆ ಮಗಳು ಓದಿಕೊಂಡು ಬಂದು, ಸೋಪಿನ ಕಾಗದದ ಹಿಂದೆ ಆ ಬಾಗಿನ ಸೂತ್ರ ಬರೆದು ತೋರಿಸಿದಳು. ಅಮ್ಮ ಅದನ್ನು ಅತ್ತ ಇತ್ತ ತಿರುಗಿಸಿದಳು.

"ಇಷ್ಟೆಲ್ಲ ಇದೆಯಾ? ಪಾಪ, ಹಗ್ಗಕ್ಕೆ ಎಷ್ಟು ಕಷ್ಟ!"

ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಆದ್ರೆ ಅದಕ್ಕೆ ಓದೋಕೆ ಬರಲ್ವಲ್ಲೇ. ಹೇಗೆ ಮಾಡ್ತು?"

"ಇನ್ನೊಂಚೂರು ಓದ್ಬೇಕಮ್ಮ. ಹೇಳ್ತೀನಿ."

"ಓದು ಓದು. ನಾನೆಲ್ಲಿ ಓಡಿಹೋಗ್ತೀನಿ?"

*

ಶವಪೆಟ್ಟಿಗೆ ಮುಚ್ಚುವ ಮುನ್ನ ಮಗಳು ಅಮ್ಮನ ಕಿವಿಯ ಹತ್ತಿರ ಬಗ್ಗಿದಳು. ಇನ್ನು ಹೇಳಲು ಬೇರೆ ಹೊತ್ತಿರಲಿಲ್ಲ.

"ಅಮ್ಮಾ, ಹಗ್ಗ ಲೆಕ್ಕ ಮಾಡಲ್ಲ. ಬರೀ ಜೋತು ಬೀಳುತ್ತೆ. ಲೆಕ್ಕ ನಮ್ದು..."

ಲೆಕ್ಕ ನಮ್ಮದೇ ಆದರೆ, ಹಗ್ಗ ಪ್ರತಿಸಲ ನಮ್ಮ ಮಾತು ಕೇಳುವುದೇಕೆ? ತರಗತಿಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಅವಳು ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ಹೋಗಿದ್ದಳು. ಅಮ್ಮನೆದುರು ಹಾಗೆ ಜಾರಿಕೊಳ್ಳಲು ಮನಸ್ಸು ಬರಲಿಲ್ಲ.

"ಎತ್ತಮ್ಮಾ!" ಚಿಕ್ಕಪ್ಪ ಕೂಗಿದರು.

ಅವಳು ಕವೆಗೋಲಿನಿಂದ ಹಗ್ಗ ಎತ್ತಿ ಹಿಡಿದಳು. ಅಮ್ಮ ಅದರಡಿ ಹಾದು ಹೋದಳು. ಕೋಲು ಇಳಿಸಿದಾಗ ಹಗ್ಗ ಕುಣಿಯತೊಡಗಿತು.

"ಬಾರೇ, ಎಲ್ಲ ಮುಂದೆ ಹೋದ್ರು," ಎಂದಳು ಚಿಕ್ಕಮ್ಮ.

"ಒಂದ್ನಿಮಿಷ. ಲೆಕ್ಕ ಮಾಡ್ತಿದೆ."

ಹಗ್ಗ ನಿಧಾನವಾಗಿ ನಿಂತಿತು.

ಕೊಟ್ಟ ಮಾತನ್ನು ಮಗಳು ಉಳಿಸಿಕೊಳ್ಳಲಿಲ್ಲ.