ದೀಪ ದೊಡ್ಡದು ಮಾಡೇ

ನರ್ಮದಾಳಿಗೆ ಸಾಕಾಗಿತ್ತು. ಸಾಕಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಗಂಡ ಹೋಗಲಿ ಎಂದಂತಾಗುತ್ತದೆ. ಹಾಗಾಗಿ ಕುಮಟೆಯ ಪೇಟೆಯಲ್ಲಿ ಯಾರು ಎದುರಾಗಿ ಕೇಳಿದರೂ "ಆರಾಮು" ಎಂದುಬಿಡುತ್ತಿದ್ದಳು. ಕೇಳಿದವರಿಗೂ ಅಷ್ಟೇ ಬೇಕಾಗಿತ್ತು.

ಗಂಡ ಮಾದೇವ ಪಾರ್ಶ್ವವಾಯು ಬಡಿದು ಮಲಗಿ ನಾಲ್ಕು ವರ್ಷ. ಅದರಲ್ಲಿ ಎರಡು ವರ್ಷದಿಂದ ಮಾತಿಲ್ಲ, ಗುರುತಿಲ್ಲ. ಮೂಗಿನ ನಳಿಗೆಯಲ್ಲಿ ಇಳಿಸುವ ಗಂಜಿಯೇ ಊಟ. ಸೋಮವಾರ ಬಂದ ಡಾಕ್ಟರು ಆ ನಳಿಗೆಯೂ ಇನ್ನು ಒಗ್ಗದು ಎಂದರು. ಮಂಗಳೂರಿಗೆ ಒಯ್ದು ನೇರ ಹೊಟ್ಟೆಗೇ ನಳಿಗೆ ಇಡಿಸಬಹುದು, ಇಲ್ಲವೇ ಮನೆಯಲ್ಲೇ ತುಟಿ ಒದ್ದೆ ಮಾಡುತ್ತ, ನೋವಾಗದಂತೆ ನೋಡಿಕೊಳ್ಳಬಹುದು. ಎರಡರಲ್ಲಿ ಯಾವುದೆಂದು ಗುರುವಾರ ಸಂಜೆಯೊಳಗೆ ಹೇಳಿ ಎಂದು ಚೀಲ ಎತ್ತಿಕೊಂಡು ಹೋದರು.

ನಾದಿನಿ ಮಾಲಿನಿಯದು ಒಂದೇ ಹಟ, ಒಯ್ಯುವುದೇ. ಅವಳಿಗೆ ಅಣ್ಣನ ಕೊನೆಯ ಮಾತಿನ ಆಧಾರವಿತ್ತು. ಎರಡು ವರ್ಷದ ಹಿಂದೆ ಒಂದು ಮುಸ್ಸಂಜೆ, ನರ್ಮದಾ ದೇವರಿಗೆ ದೀಪ ಹಚ್ಚಿ ಮಂಚದ ಹತ್ತಿರ ಬಂದಾಗ, ಮಾದೇವ ತೊದಲುತ್ತ "ದೀಪ ದೊಡ್ಡದು ಮಾಡೇ" ಎಂದಿದ್ದ. ಅವಳು ಓಡಿಹೋಗಿ ಎಣ್ಣೆ ಹೊಯ್ದು ಬತ್ತಿ ಮುಂದೆ ಮಾಡಿದ್ದಳು. ಅವನು ಬಾಯಿಯ ಒಂದು ಮೂಲೆಯಲ್ಲಿ ನಕ್ಕಿದ್ದ. ಮರುದಿನದಿಂದ ಮಾತು ನಿಂತಿತು. ಬದುಕುವ ಆಸೆ ಎಷ್ಟಿದೆ ನೋಡಿ ಎಂದು ಬಂದವರಿಗೆಲ್ಲ ಹೇಳಿಕೊಂಡವಳು ನರ್ಮದಾಳೇ. ಆ ಮಾತಿನ ಬಲದ ಮೇಲೆ ಮೂರು ಸಲ ಆಸ್ಪತ್ರೆ ಕಂಡದ್ದಾಗಿತ್ತು.

ಈ ಸಲ ಅವಳಿಗೆ ಹೂಂ ಎನ್ನಲೂ ಆಗಲಿಲ್ಲ, ಊಹೂಂ ಎನ್ನಲೂ ಆಗಲಿಲ್ಲ. ಬೇಡ ಎಂದರೆ ಅದು ಅವನಿಗೆ ಸಾಕಾಗಿದೆ ಎಂದೋ, ತನಗೆ ಸಾಕಾಗಿದೆ ಎಂದೋ? ಅದೊಂದು ಗೊತ್ತಾಗಿದ್ದರೆ ಅವಳು ಸೋಮವಾರವೇ ಉತ್ತರ ಕೊಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿ ಸುಹಾಸ ಫೋನು ಮಾಡಿದ. ಹೊನ್ನಾವರದಲ್ಲಿ ಮೂರು ದಿನದ ಧ್ಯಾನ ಶಿಬಿರ, ನಾಗಪುರದ ಕಡೆಯಿಂದ ಬೌದ್ಧ ಭಿಕ್ಷು ಬಂದಿದ್ದಾರೆ, ಅವರದು ಹಿಂದಿ, ನೀವು ಕನ್ನಡದಲ್ಲಿ ಹೇಳಿಕೊಡಬೇಕು ಎಂದ. ಮೂವತ್ತು ವರ್ಷ ಹಿಂದಿ ಕಲಿಸಿ ನಿವೃತ್ತಳಾದ ನರ್ಮದಾ ತಕ್ಷಣ ಆತು ಎಂದಳು. ಬುದ್ಧನ ಮೇಲಿನ ಭಕ್ತಿಯೇನಲ್ಲ. ಮಂಗಳವಾರದಿಂದ ಗುರುವಾರ, ಮೂರು ಬೆಳಗು ಆ ಕೋಣೆಯ ಫಿನಾಯಿಲ್ ವಾಸನೆ ತಪ್ಪುತ್ತದಲ್ಲ, ಅದಕ್ಕೆ.

"ನೀ ಹೋಗ್ಬಾ ಅತ್ತಿಗೆ. ನಾ ಇದ್ದಿ" ಎಂದಳು ಮಾಲಿನಿ.

ಶಿಬಿರದವರೆಲ್ಲ ಭಂತೇಜಿ ಎಂದು ಕರೆಯುವ ಆ ಭಿಕ್ಷು ಗಂಭೀರ ಮೂರ್ತಿ ಇರಬಹುದೆಂದುಕೊಂಡಿದ್ದಳು. ಮಂಡಿನೋವಿನ ಮುದುಕರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದರು. ಬದುಕಿನಲ್ಲಿ ದುಃಖವಿದೆ, ಇದು ಬುದ್ಧನ ಮೊದಲ ಮಾತು ಎಂದರು. ನರ್ಮದಾ ಹಾಗೆಯೇ ಕನ್ನಡದಲ್ಲಿ ಹೇಳಿದಳು. ಸೊಪ್ಪಿನ ಬುಟ್ಟಿ ಖಾಲಿಯಾದ ಮೇಲೆ ಫ್ಯಾನಿನ ಗಾಳಿಗೆಂದು ಬಂದು ಕೂತಿದ್ದ ಬಂಗಾರಿ ಕೈಯೆತ್ತಿದಳು.

"ಅಕ್ಕೋರೆ, ನಂಗೆ ದುಃಖ ಎಂತದೂ ಇಲ್ಲ. ಸೊಂಟನೋವು ಒಂದದೆ."

ಸಭೆ ನಕ್ಕಿತು. ಹಿಂದಿಯಲ್ಲಿ ಕೇಳಿ ಭಂತೇಜಿಯೂ ನಕ್ಕರು. ಅದೇ ಅದು ತಾಯಿ, ಕೂತರೆ ನೋವು, ಎದ್ದರೆ ನೋವು, ಸುಖ ಬಂದರೂ ನಿಲ್ಲುವುದಿಲ್ಲ ಎಂದರು.

"ಹಂಗಾರೆ ಬೇಜಾರ ಅನ್ನಿ" ಎಂದಳು ಬಂಗಾರಿ.

ಅಲ್ಲಿಂದ ನರ್ಮದಾ ಬೇಜಾರವನ್ನೇ ಹಿಡಿದಳು. ಬೇಜಾರ ಇದೆ, ಅದು ಬೇಕು ಬೇಕು ಎನ್ನುವುದರಿಂದ ಹುಟ್ಟುತ್ತದೆ, ಅದಕ್ಕೆ ಕೊನೆಯಿದೆ, ಕೊನೆಗೆ ಹೋಗಲು ದಾರಿಯೂ ಇದೆ. ಬುದ್ಧನ ನಾಲ್ಕು ಸತ್ಯಗಳು ಸಂತೆಯ ಮಾತಿನಲ್ಲಿ ಸಲೀಸಾಗಿ ಇಳಿದವು.

ಎರಡನೆಯ ದಿನ ಉಸಿರು ನೋಡುವ ಪಾಠ. ಒಳಗೆ ಬಂದದ್ದು, ಹೊರಗೆ ಹೋದದ್ದು, ಸುಮ್ಮನೆ ನೋಡಿ, ತಡೆಯಬೇಡಿ, ಎಳೆಯಬೇಡಿ. ಇದನ್ನು ನರ್ಮದಾಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ನಾಲ್ಕು ವರ್ಷ ಅವಳು ಮಾಡಿದ್ದೇ ಅದು, ಆದರೆ ನೋಡಿದ್ದು ಇನ್ನೊಬ್ಬರ ಉಸಿರು. ತನ್ನದನ್ನು ಹುಡುಕುತ್ತ ಕಣ್ಣು ಮುಚ್ಚಿದವಳು ಕೂತಲ್ಲೇ ನಿದ್ದೆ ಹೋದಳು. ಯಾರೂ ಎಬ್ಬಿಸಲಿಲ್ಲ. ಎಚ್ಚರಾದಾಗ ನಾಚಿಕೆಗಿಂತ ಹೆಚ್ಚಾಗಿ ಅಳು ಬಂತು.

ಗುರುವಾರ ಭಂತೇಜಿ ನಿರ್ವಾಣಕ್ಕೆ ಬಂದರು. ಆಸೆ ಒಂದು ಬೆಂಕಿ, ದೀಪದ ಹಾಗೆ ಒಳಗೆ ಉರಿಯುತ್ತಿರುತ್ತದೆ. ನಿರ್ವಾಣ ಎಂದರೆ ಆ ದೀಪ ಆರುವುದು.

ನರ್ಮದಾಳ ನಾಲಗೆ ತಡೆಯಿತು. ದೀಪ ಆರಿತು ಎಂದು ತುಂಬಿದ ಸಭೆಯಲ್ಲಿ ಹೇಳುವುದುಂಟೇ? ಅದೂ ಮನೆಯಲ್ಲಿ ಅಂಥವರನ್ನು ಮಲಗಿಸಿ ಬಂದವಳು? ಅಭ್ಯಾಸಬಲದಿಂದ, "ಆಗ ದೀಪ ದೊಡ್ಡದಾಗುತ್ತದೆ" ಎಂದಳು.

ಮುಂದಿನ ಸಾಲಿನಲ್ಲಿದ್ದ ಕಾಲೇಜು ಹುಡುಗಿ ದೀಪಿಕಾ ಪುಸ್ತಕದಿಂದ ತಲೆಯೆತ್ತಿದಳು. "ಮೇಡಂ, ಆಸೆ ಬೆಂಕಿ ಅಂದ್ರಿ. ಅದು ದೊಡ್ಡದಾದ್ರೆ ಬೇಜಾರ ಜಾಸ್ತಿ ಆಗ್ತದಲ್ಲ?"

"ಅಯ್ಯ ತಂಗಿ, ದೊಡ್ಡದು ಮಾಡೂದು ಅಂದ್ರೆ ಅದಲ್ಲ" ಎಂದು ಹಿಂದಿನಿಂದ ಬಂಗಾರಿ ನಕ್ಕಳು. "ಅಕ್ಕೋರೆ, ಹೇಳಿ ನೀವೇ."

ಹೇಳಲೇಬೇಕಾಯಿತು. "ದೀಪ ಆರಿಸು ಅನ್ನಬಾರದು, ಅಶುಭ. ಅದಕ್ಕೆ ದೊಡ್ಡದು ಮಾಡು ಅಂತ..."

ಆಡಿದ ಮಾತು ಅವಳ ಕಿವಿಗೇ ತಿರುಗಿ ಬಿತ್ತು.

ಮದುವೆಯಾದ ಹೊಸತು. ಅವಳ ತವರು ಸಿದ್ದಾಪುರದಲ್ಲಿ ದೀಪ ಶಾಂತ ಮಾಡು ಎನ್ನುತ್ತಿದ್ದರು. ಇಲ್ಲಿ ಪೂಜೆ ಮುಗಿದ ಮೇಲೆ ಅತ್ತೆ "ದೀಪ ದೊಡ್ಡದು ಮಾಡೇ ಕೂಸೆ" ಎಂದಾಗ, ಜಾಣ ಸೊಸೆ ಎಣ್ಣೆ ಹೊಯ್ದು ಬತ್ತಿ ಮುಂದೆ ಮಾಡಿದ್ದಳು. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವನು ಮಾದೇವ. ವರ್ಷಗಟ್ಟಲೆ ಅದನ್ನೇ ಹೇಳಿ ಕಾಡಿಸಿದ್ದ. ಅಂಥವನು ಕೊನೆಯ ಸಂಜೆ ಅದೇ ಮಾತಾಡಿದಾಗ, ಮೂವತ್ತು ವರ್ಷ ಆ ಮನೆಯಲ್ಲಿ ದೀಪ ದೊಡ್ಡದು ಮಾಡಿದ ಹೆಂಗಸು ಮತ್ತೆ ಎಣ್ಣೆ ಹೊಯ್ದಿದ್ದಳು. ಕೇಳಿಸದೆ ಅಲ್ಲ. ಕೇಳಿಸಿಕೊಳ್ಳಲು ಮನಸ್ಸಿರಲಿಲ್ಲ. ಅವನು ನಕ್ಕದ್ದು ಅದಕ್ಕೆ.

ಸಭೆ ಕಾಯುತ್ತಿತ್ತು. ನರ್ಮದಾ ಭಂತೇಜಿಯ ಕಡೆ ತಿರುಗಿ ಹಿಂದಿಯಲ್ಲಿ ತನ್ನದೇ ಪ್ರಶ್ನೆ ಕೇಳಿದಳು. ಎಣ್ಣೆ ಹೊಯ್ಯದೆ ಬಿಟ್ಟರೆ ಆರಿಸಿದ ಪಾಪ ಬರುತ್ತದೆಯೇ? ಕೊಲ್ಲಬಾರದು ಎಂಬುದು ನಿಮ್ಮ ಮೊದಲ ಶೀಲವಲ್ಲವೇ?

ಇದು ಸಭೆಯ ಪ್ರಶ್ನೆಯಲ್ಲವೆಂದು ಮುದುಕರಿಗೆ ಗೊತ್ತಾಯಿತು. ಮಂಡಿ ಒತ್ತುವುದನ್ನು ನಿಲ್ಲಿಸಿದರು. "ನಿಮ್ಮ ದೀಪ ಯಾವುದೋ ನನಗೆ ತಿಳಿಯದು ತಾಯಿ. ಬುದ್ಧ ಕೈಗಿಂತ ಮೊದಲು ಮನಸ್ಸನ್ನು ನೋಡು ಅನ್ನುತ್ತಾನೆ. ಅಲ್ಲಿರುವುದು ದ್ವೇಷವೋ, ಕರುಣೆಯೋ?"

"ದಣಿವು" ಎಂದಳು ನರ್ಮದಾ.

"ದಣಿವು ಪಾಪವಲ್ಲ" ಎಂದರು ಭಂತೇಜಿ. "ಆದರೆ ಅದಕ್ಕೆ ನಿರ್ಧಾರ ಬಿಡಬೇಡಿ. ಅದರ ಪಕ್ಕದಲ್ಲಿ ಇನ್ನೇನಿದೆ, ಹುಡುಕಿ."

ಕುಮಟೆಯ ಬಸ್ಸಿನುದ್ದಕ್ಕೂ ಅವಳು ಹುಡುಕಿದಳು. ದಣಿವಿನ ಪಕ್ಕದಲ್ಲಿ ಬಾಯಿಯ ಮೂಲೆಯ ಆ ನಗು ಮಾತ್ರ ಇತ್ತು. ನಾನು ಕೇಳಿದ್ದು ಇಷ್ಟೇ ಕಣೇ, ನೀನು ಮತ್ತೆ ಎಣ್ಣೆ ಹೊಯ್ದೆ ಎಂದು ಕಾಡಿಸುವ ನಗು. ಸಾಕು ಎಂದವನು ಅವನು. ತಾನಲ್ಲ.

ಮುಸ್ಸಂಜೆ ಕಾಲು ತೊಳೆದು ಒಳಗೆ ಬಂದಾಗ ಮಾಲಿನಿ ಆಗಲೇ ದೀಪ ಹಚ್ಚಿ, ಫೋನು ಹಿಡಿದು ಮಂಚದ ಪಕ್ಕ ಕೂತಿದ್ದಳು. "ಅತ್ತಿಗೆ, ಆಂಬುಲೆನ್ಸಿನವಂಗೆ ಎಂತ ಹೇಳ್ಲಿ?"

"ಬ್ಯಾಡ ಹೇಳು. ಮನೆಯಲ್ಲೇ ಇರ್ಲಿ."

"ದೀಪ ದೊಡ್ಡದು ಮಾಡು ಹೇಳಿ ಅಣ್ಣನೇ..."

"ನಂಗೆ ತಡವಾಗಿ ಅರ್ಥ ಆತು, ಮಾಲಿನಿ. ನಾ ಹೊರಗಿಂದ ಬಂದವಳು."

ಮಾಲಿನಿ ಫೋನು ಕೆಳಗಿಟ್ಟಳು. ಅವಳು ಆ ಮನೆಯಲ್ಲೇ ಹುಟ್ಟಿದವಳು, ಆ ಮಾತನ್ನು ಕೇಳುತ್ತಲೇ ಬೆಳೆದವಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ನಂಗೆ ಅವತ್ತೇ ಗೊತ್ತಿತ್ತು ಅತ್ತಿಗೆ. ಹೇಳಲೆ ಬಾಯಿ ಬಂಜಿಲ್ಲೆ."

ಎರಡು ವರ್ಷ ಇಬ್ಬರೂ ಸೇರಿ ಹೊಯ್ದ ಎಣ್ಣೆ ಎಷ್ಟೆಂದು ನರ್ಮದಾ ಲೆಕ್ಕ ಹಾಕಲಿಲ್ಲ. ಬೈಯಲೂ ಇಲ್ಲ. ಬೈಯಲು ಶಕ್ತಿ ಎಲ್ಲಿತ್ತು? ನಾದಿನಿಯ ಪಕ್ಕ ಕೂತು, ಚಮಚದಲ್ಲಿ ನೀರು ತೆಗೆದು ಮಾದೇವನ ತುಟಿಗೆ ಹಚ್ಚಿದಳು. ಅವನ ಉಸಿರು ಒಳಗೆ ಬಂತು, ಹೊರಗೆ ಹೋಯಿತು.

ದೇವರ ಮುಂದೆ ದೀಪದ ಎಣ್ಣೆ ಇಳಿದಿತ್ತು. ರೂಢಿಯಂತೆ ಮಾಲಿನಿ ಎಣ್ಣೆಯ ಗಿಂಡಿಗೆ ಕೈ ಹಾಕಿದಳು. ನರ್ಮದಾ ಆ ಕೈ ಹಿಡಿದು ತನ್ನ ಮಡಿಲಲ್ಲಿಟ್ಟುಕೊಂಡಳು.

"ಇದ್ದಷ್ಟು ಉರಿಲಿ ಬಿಡು" ಎಂದಳು.