ಬ್ಯಾಡ್ರಿ ಅಂದವಳ ಗೋಡೆ

೧

ಏಣಿಯಿಂದ ಶುರು ಮಾಡಲೇ, ರೊಟ್ಟಿಯಿಂದ ಶುರು ಮಾಡಲೇ? ಎರಡೂ ಇರುವುದು ಗಿಲ್‌ರಾಯ್ ಎಂಬ ಊರಿನಲ್ಲಿ, ಆದ್ದರಿಂದ ನಿಮಗೇನೂ ವ್ಯತ್ಯಾಸವಾಗುವುದಿಲ್ಲ. ನನಗೆ ಆಗುತ್ತದೆ. ಏಣಿ ಎಂದರೆ ಎದೆ ಡವಡವ ಅನ್ನುತ್ತದೆ, ರೊಟ್ಟಿ ಎಂದರೆ ಹಸಿವಾಗುತ್ತದೆ. ಕೈ ಮಾತ್ರ ನಿಲ್ಲುತ್ತಿಲ್ಲ ಕಣ್ರೀ! ಮೌಂಟನ್ ವ್ಯೂನಲ್ಲಿ ಟ್ರೇನು ಹತ್ತಿದವನು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಕುಟ್ಟುತ್ತಲೇ ಇದ್ದೇನೆ. ಇಳಿಯಬೇಕಾದ ಸ್ಟೇಷನ್ನು ಆಗಲೇ ದಾಟಿಹೋಯಿತು.

(ಈ ವರ್ಷ ಎರಡು ಕಥೆಗಳನ್ನು ಅರ್ಧಕ್ಕೆ ಕೈಬಿಟ್ಟಿದ್ದೇನೆ. ಇದನ್ನು ಬಿಡುವುದಿಲ್ಲ. ಬಿಟ್ಟರೂ ನಿಮಗೆ ಹೇಳಿಯೇ ಬಿಡುತ್ತೇನೆ.)

೨

ಮಾಧುರಿಗೆ ಇಪ್ಪತ್ತು ವರ್ಷ. ಧಾರವಾಡದಲ್ಲಿ ಚಿತ್ರಕಲೆ ಓದುತ್ತಾಳೆ. ವಿದ್ಯಾರ್ಥಿ ವಿನಿಮಯದ ಪ್ರಾಜೆಕ್ಟಿಗೆ ಆಯ್ಕೆಯಾಗಿ, ಆರು ವಾರಕ್ಕೆ ವಾಲಂಟಿಯರಾಗಿ ಗಿಲ್‌ರಾಯ್‌ಗೆ ಬಂದಿದ್ದಾಳೆ. ಬೆಳ್ಳುಳ್ಳಿ ಬೆಳೆಯುವ ಊರು, ಗಾಳಿ ತಿರುಗಿದರೆ ಇಡೀ ಊರಿಗೆ ಬೆಳ್ಳುಳ್ಳಿ ಒಗ್ಗರಣೆ. ಕೆಲಸವೇನೆಂದರೆ ಮಕ್ಕಳ ಲೈಬ್ರರಿಯೊಂದರ ಹೊರಗೋಡೆಯ ಮೇಲೆ ಚಿತ್ರ ಬಿಡಿಸುವುದು. ಜೊತೆಗೆ ಬ್ರೆಜಿಲಿನ ಥಿಯಾಗೊ ಇದ್ದಾನೆ, ಜಪಾನಿನ ಯೂಕಿ ಇದ್ದಾಳೆ. ಮೂವರ ಮೇಲೆ ಕೋಆರ್ಡಿನೇಟರ್ ಮೇಗನ್.

ಗೋಡೆಯ ನಡುವೆ, ಬಾಗಿಲ ನೆತ್ತಿಯ ಮೇಲೆ, ಹನ್ನೆರಡು ಅಡಿ ಅಗಲದ ಜಾಗ ಒಬ್ಬರಿಗೆ ಮಾತ್ರ. ಮಾಧುರಿ ಅದಕ್ಕಾಗಿಯೇ ಊರಿನಿಂದ ಚೌಕುಳಿ ನೋಟ್‌ಬುಕ್ಕು ತಂದಿದ್ದಾಳೆ. ಅದರ ತುಂಬ ಅವಳ ಅವ್ವ ಸೀರೆಗಳ ಮೇಲೆ ಹಾಕುತ್ತಿದ್ದ ಕಸೂತಿಯ ನವಿಲು, ಆನೆ, ಗೋಪುರ. ಅವ್ವನ ಕಣ್ಣು ಈಗ ಸೂಜಿಗೆ ದಾರ ಪೋಣಿಸುವಷ್ಟೂ ಚುರುಕಿಲ್ಲ. ಆ ನವಿಲನ್ನು ಗೋಡೆಯಷ್ಟು ದೊಡ್ಡದಾಗಿ ಬಿಡಿಸಿ ವಿಡಿಯೋ ಕಾಲಿನಲ್ಲಿ ತೋರಿಸಬೇಕು, ಅವ್ವ ಅದನ್ನು ತಡವರಿಸದೆ ಗುರುತು ಹಿಡಿಯಬೇಕು.

ಇವಳಿಗೆ ಆ ಗೋಡೆ ಬೇಕು. ನೀವು ಇಷ್ಟು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದು ನನ್ನ ತಲೆನೋವು.

೩

ಸೋಮವಾರದ ಮೀಟಿಂಗು. ಮೇಗನ್ ಆ ನೋಟ್‌ಬುಕ್ಕು ನೋಡಿದ್ದವಳು, ಮೊದಲು ಇವಳನ್ನೇ ಕೇಳಿದಳು.

“ಮಾಧುರಿ, ವುಡ್ ಯು ಲೈಕ್ ದ ಸೆಂಟರ್ ವಾಲ್?”

ಮಾಧುರಿ ತಲೆ ತಗ್ಗಿಸಿ ನಕ್ಕು, “ನೋ ನೋ, ಲೆಟ್ ಸಂಬಡಿ ಎಲ್ಸ್,” ಎಂದಳು. ಎಂದು, ಮೇಗನ್ ಎರಡನೇ ಸಲ ಕೇಳಲಿ ಅಂತ ಕಾದಳು.

“ಟೋಟಲಿ ಫೈನ್! ಥಿಯಾಗೊ?”

“ಯೆಸ್!” ಅವನ ಹೆಸರು ಮುಗಿಯುವ ಮೊದಲೇ ಥಿಯಾಗೊ ಅಂದಾಗಿತ್ತು.

ಅಯ್ಯೋ ಕರ್ಮವೇ! ಇಷ್ಟೇ. ಎರಡು ತಿಂಗಳ ತಯಾರಿ ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಯಾರ ಮನೆಗಾದರೂ ಹೋಗಿ ನಾವು ಕಾಫಿ ಬೇಡ ಅಂದರೆ, ಬೇಡ ಎಂಬುದು ಬಾಯಿಂದ ಹೊರಗೆ ಬರುವಷ್ಟರಲ್ಲಿ ಅವರು ಒಲೆ ಹಚ್ಚಿರುತ್ತಾರೆ. ಮೊದಲನೇ ಬೇಡ ಬರೀ ಉಪಚಾರಕ್ಕೆ ಎಂದು ಮೇಗನ್‌ಗೆ ಯಾರು ಹೇಳಬೇಕಿತ್ತು? (ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನ ಪಾರ್ಟಿಯಲ್ಲಿ ನಾನೂ ಕೇಕು ಬೇಡ ಅಂದಿದ್ದೆ. ತಟ್ಟೆ ಪಕ್ಕದವನಿಗೆ ಹೋಯಿತು. ಒಂಬತ್ತು ವರ್ಷವಾದರೂ ಆ ಕೇಕು ಕಣ್ಣ ಮುಂದೆಯೇ ಇದೆ.)

೩, ಇನ್ನೊಮ್ಮೆ

ಸರಿಪಡಿಸುತ್ತೇನೆ, ಬರೆಯುತ್ತಿರುವವನು ನಾನಲ್ಲವೇ? ಮೇಗನ್ ಎರಡನೇ ಸಲ ಕೇಳುವಂತೆ ಬರೆದೆ. ಅವಳು ಕೇಳಲೇ ಇಲ್ಲ. ಬೇಡ ಅಂದವಳನ್ನು ಮತ್ತೆ ಒತ್ತಾಯಿಸುವುದು ತಪ್ಪು ಎಂದು ಪಟ್ಟು ಹಿಡಿದು ಕೂತಳು. ಅವಳ ಮಾತಿನಲ್ಲೂ ನ್ಯಾಯವಿದೆ, ಅದೇ ಕಷ್ಟ.

ಹಾಗಾದರೆ ಥಿಯಾಗೊ ಏಣಿಯಿಂದ ಬೀಳಲಿ ಎಂದು ಬರೆಯತೊಡಗಿದೆ. ಅವನ ಕಾಲು ಜಾರುವಷ್ಟರಲ್ಲಿ ಮಾಧುರಿ ನನ್ನ ಮೇಲೇ ಹರಿಹಾಯ್ದಳು.

“ಏನ್ರೀ, ಅವನ ಕಾಲು ಮುರೀತೀರೇನು? ನಿನ್ನೆ ನನ್ನ ಪೇಂಟಿನ ಡಬ್ಬಿ ಎಲ್ಲಾ ಅವನಽ ಹೊತ್ತುಕೊಂಡು ಬಂದಾನ್ರಿ, ಪಾಪ.”

“ಹಂಗಾದ್ರೆ ಗೋಡೆ ಬೇಡ್ವೇನಮ್ಮ ನಿಂಗೆ?”

“ಬ್ಯಾಡ್ರಿ.”

“ನಿಜ ಹೇಳು.”

“ಬ್ಯಾಡ್ರಿ, ಇರ್ಲಿ ಬಿಡ್ರಿ.”

“ಮಾಧುರೀ!”

“...ಬೇಕ್ರಿ.”

ನೋಡಿದಿರಾ? ಮೂರು ಸಲ ಕೇಳಬೇಕು.

೫

(ನಾಲ್ಕನ್ನು ಅಳಿಸಿದೆ. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ, ನನ್ನ ಕಥೆಗೂ ಗಂಟಿಲ್ಲ ಎಂದು ಅಲ್ಲಿ ಏನೇನೋ ದೊಡ್ಡ ಮಾತು ಬರೆದಿದ್ದೆ. “ಅದು ಸೀರಿ ಮ್ಯಾಲಿಂದ್ರಿ, ಗ್ವಾಡಿಗೆ ಎಲ್ಲೀ ಗಂಟು?” ಅಂದಳು ಮಾಧುರಿ. ವಿಮರ್ಶಕರು ಕ್ಷಮಿಸಬೇಕು.)

ರೊಟ್ಟಿ ಈಗ ಬಂತು. ಮಾಧುರಿ ಉಳಿದುಕೊಂಡಿರುವುದು ಬಾಗಲಕೋಟೆ ಕಡೆಯ ಶಿವಪ್ರಸಾದರ ಮನೆಯಲ್ಲಿ. ಅವರು ಬೆಳಗಾದರೆ ಕೆಲಸಕ್ಕೆಂದು ಫ್ರೀವೇ ಹಿಡಿದು ಉತ್ತರಕ್ಕೆ ಹೋಗುತ್ತಾರೆ. ಮನೆಯಲ್ಲಿರುವುದು ಅವರ ತಾಯಿ ಚನ್ನಬಸವ್ವ. ಸಂಜೆ ಊಟಕ್ಕೆ ಕೂತಾಗ ಮುದುಕಿ ರೊಟ್ಟಿ ಹಿಡಿದು ಬಂದಳು.

“ಬ್ಯಾಡ್ರೀ ಅಮ್ಮಾ.”

ರೊಟ್ಟಿ ಬಿತ್ತು.

“ಬ್ಯಾಡ್ರಿ.”

ಎಣ್ಣೆಗಾಯಿ ಬಿತ್ತು.

ಅಷ್ಟಕ್ಕೇ ಹುಡುಗಿ ಗೊಳೋ ಎಂದು ಅತ್ತುಬಿಟ್ಟಳು. ಗೋಡೆಯ ಕಥೆಯನ್ನೆಲ್ಲ ಹೇಳಿದಳು.

“ಒಮ್ಮೆ ಅಂದಿದ್ದಕ್ಕ ಬಿಟ್ಟಬಿಟ್ಲಾ? ಎಂಥಾ ಮಂದಿ ಯವ್ವಾ!” ಚನ್ನಬಸವ್ವ ಇನ್ನೊಂದು ರೊಟ್ಟಿ ಹಾಕಿ ಮತ್ತೆ ಶುರು ಮಾಡಿದಳು. “ನನ್ನ ಮೊಮ್ಮಗಳು ಇಲ್ಲೇ ಹುಟ್ಟಿದಾಕಿ. ಬೇಕಂದ್ರ ಬೇಕು, ಬ್ಯಾಡಂದ್ರ ಬ್ಯಾಡ. ಮೊದಲ ಭಾಳ ಸಿಟ್ಟು ಬರ್ತಿತ್ತು ನನಗ. ಈಗ ಛಲೋ ಅನಸ್ತದ. ನನ್ನ ಜನ್ಮದಾಗ ನಾನು ಒಂದೂ ಸಲ ಬೇಕು ಅಂದಿಲ್ಲ ನೋಡವಾ. ನಾಳೆ ಹೋಗಿ ಬೇಕು ಅನ್ನು. ಬಾಯಿ ಏನ್ ಸವೀತದ?”

ಈ ಮಾತನ್ನು ನಾನು ಬರೆಯಲಿಲ್ಲ, ಚನ್ನಬಸವ್ವ ಕೇಳದೆಯೇ ಬಡಿಸಿದ್ದು.

೬

ಬೆಳಗ್ಗೆ. ಓದುಗರೇ, ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ!

ಥಿಯಾಗೊ ಏಣಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗಿಳಿಯ ಕೊಕ್ಕು ಎಳೆಯುತ್ತಿದ್ದ. ಮಾಧುರಿ ಮೇಗನ್ ಎದುರು ಹೋಗಿ ನಿಂತಳು. ಬಾಯಿ ತೆರೆದಾಗ ದನಿ ಎಷ್ಟು ಜೋರಾಗಿ ಬಂತೆಂದರೆ ಯೂಕಿಯ ಕೈಯಿಂದ ಬ್ರಶ್ಶು ಬಿತ್ತು.

“ಐ ವಾಂಟ್ ದ ವಾಲ್!”

“ಓಹ್! ಬಟ್ ಯು ಸೆಡ್ ನೋ,” ಅಂದಳು ಮೇಗನ್, ನಿಜವಾಗಿ ಗಾಬರಿಯಾಗಿ.

ಮಾಧುರಿ ತನಗೆ ತಿಳಿದ ಇಂಗ್ಲಿಷಿನಲ್ಲಿ ಕಾಫಿ, ರೊಟ್ಟಿ, ಉಪಚಾರ ಎಲ್ಲವನ್ನೂ ವಿವರಿಸಿದಳು. ಯೂಕಿ ಕಣ್ಣರಳಿಸಿ ಕೈಯೆತ್ತಿದಳು. “ಮೀ ಆಲ್ಸೋ! ಪಿಜ್ಜಾ!” ಶನಿವಾರ ಕೊನೇ ಪಿಜ್ಜಾ ತುಂಡು ಬೇಡ ಅಂದು ಅವಳೂ ಎರಡನೇ ಸಲಕ್ಕೆ ಕಾದಿದ್ದಳಂತೆ. ತಿಂದವಳು ಮೇಗನ್.

ಮೇಗನ್ ಕೆನ್ನೆ ಕೆಂಪಾಯಿತು. ಆದರೂ ಈಗ ಗೋಡೆ ಥಿಯಾಗೊನದು, ಅವನನ್ನೇ ಕೇಳು ಅಂದಳು.

ಥಿಯಾಗೊ ಇಳಿದು ಬಂದು ತಲೆ ತಗ್ಗಿಸಿ ನಕ್ಕ. “ಶೂರ್. ಟೇಕ್ ಇಟ್.”

ಇಲ್ಲಿಗೆ ಮುಗಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಾನು ಲ್ಯಾಪ್‌ಟಾಪು ಮುಚ್ಚುವುದರಲ್ಲಿದ್ದೆ. ಮಾಧುರಿ ಮುಚ್ಚಲು ಬಿಡಲಿಲ್ಲ. ಆ ನಗು, ಆ ತಗ್ಗಿದ ತಲೆ ಅವಳಿಗೆ ಗೊತ್ತಿಲ್ಲದ್ದೇ?

“ಆರ್ ಯು ಶೂರ್?”

“ಶೂರ್.”

“ಥಿಯಾಗೊ. ರಿಯಲಿ?”

ಮೂರನೇ ಸಲಕ್ಕೆ ಅವನ ನಗು ನಿಂತಿತು. ಆ ಗಿಳಿ ಅವನ ಅಜ್ಜಿ ಸಾಕಿದ್ದು. ಗೋಡೆ ಸಿಕ್ಕಿತೆಂದು ಸೋಮವಾರವೇ ಮನೆಗೆ ಫೋನು ಮಾಡಿದ್ದ, ಅಜ್ಜಿ ಓಣಿಗೆಲ್ಲ ಹೇಳಿಬಿಟ್ಟಿದ್ದಾಳೆ. ತನಗೂ ಬೇಕು, ತುಂಬಾ ಬೇಕು ಅಂದ.

೭

ಆಹಾ, ಈಗ ಹೇಳಿ! ಇಬ್ಬರಿಗೂ ಬೇಕು, ಗೋಡೆ ಒಂದೇ. ಅರ್ಧ ನವಿಲು, ಅರ್ಧ ಗಿಳಿ ಎಂದು ಬರೆಯಬಹುದು, ಆದರೆ ಅದು ಏರ್‌ಲೈನ್ ಜಾಹೀರಾತಿನ ಹಾಗಿರುತ್ತದೆ. ಮಾಧುರಿ ತ್ಯಾಗ ಮಾಡಿದಳು ಎಂದರೆ ಚನ್ನಬಸವ್ವ ಲಟ್ಟಣಿಗೆ ಹಿಡಿದು ನನ್ನ ಅಪಾರ್ಟ್‌ಮೆಂಟಿಗೇ ಬರುತ್ತಾಳೆ. ಚೀಟಿ ಎತ್ತಿಸಲೇ? ಥೂ.

ನಾನು ಹೀಗೆ ಒದ್ದಾಡುತ್ತಿರುವಾಗ ಥಿಯಾಗೊ ಸೀಮೆಸುಣ್ಣ ಮುಂದೆ ಹಿಡಿದ.

“ಡು ಯು ವಾಂಟ್ ಇಟ್?”

“ಯೆಸ್,” ಅಂದಳು ಮಾಧುರಿ. ಮೊದಲನೇ ಸಲಕ್ಕೇ! ನಾನು ಟ್ರೇನಿನಲ್ಲಿ ಚಪ್ಪಾಳೆ ತಟ್ಟಿಬಿಟ್ಟೆ. ಎದುರಿನ ಸೀಟಿನವಳು ಇಯರ್‌ಫೋನು ತೆಗೆದು ನೋಡಿದಳು.

“ಮೀ ಟೂ,” ಅಂದ ಥಿಯಾಗೊ, ಸೀಮೆಸುಣ್ಣ ಬಿಡದೆ. ಇಬ್ಬರೂ ಅದರ ಒಂದೊಂದು ತುದಿ ಹಿಡಿದು ನಗುತ್ತಿದ್ದರು. ಅವಳು ಇನ್ನೊಂದು ಕೈಯಲ್ಲಿ ಏಣಿ ಹಿಡಿದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು.

“ಮಾಧುರಿ, ಇನ್ನೊಂದೇ ಪ್ಯಾರಾ. ಗೋಡೆ ನಿಂಗೇ ಕೊಟ್ಟು ಮುಗಿಸಿಬಿಡ್ಲೇನಮ್ಮ?”

“ಬ್ಯಾಡ್ರಿ.”

ಒಂದೇ ಸಲ ಅಂದಳು. ಇದು ಧಾರವಾಡದಿಂದ ತಂದ ಬ್ಯಾಡವೋ, ಗಿಲ್‌ರಾಯ್‌ನಲ್ಲಿ ಇವತ್ತು ಕಲಿತ ಬ್ಯಾಡವೋ ನನಗೆ ಗೊತ್ತಾಗಲಿಲ್ಲ. ಎರಡನೇ ಸಲ ಕೇಳೋಣವೆಂದು ತಲೆ ಎತ್ತಿದೆ. ಅವಳು ಆಗಲೇ ನಾಲ್ಕು ಮೆಟ್ಟಿಲು ಹತ್ತಿದ್ದಳು.