ಮುಚ್ಚಬೇಕಿದ್ದ ಕಿಟಕಿ

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಬಂದ ದಾರಿ ಹಿಡಿದ ಮೇಲೆ, ಐದನೆಯ ದಿನ ಬರೀ ಬೆಳಗು ಎನ್ನಬಹುದಾದಂಥ ಬೆಳಗಾಯಿತು. ಹಾಲಿನವನು ಬಂದ. ನಲ್ಲಿಯಲ್ಲಿ ನೀರು ಬಂತು. ಅವಳು ಎದ್ದು ಚಹಾಕ್ಕೆ ನೀರಿಟ್ಟಳು. ಇಟ್ಟದ್ದು ತನ್ನ ಓದುವ ಮೇಜಿನ ಮೇಲಿದ್ದ ಕರೆಂಟ್ ಒಲೆಗೆ. ಆ ಮನೆಯಲ್ಲಿ ಸದ್ಯಕ್ಕೆ ಅಡುಗೆಮನೆ ಎಂಬುದು ಇರಲಿಲ್ಲ. ಹಳೆಯ ಕಟ್ಟೆ, ಬೀರು, ಸಿಂಕು ಎಲ್ಲವನ್ನೂ ಗಂಡ ಒಡೆಸಿ ಹಾಕಿಸಿದ್ದ. ಹೊಸದು ಬರುವ ಮೊದಲೇ ತಾನು ಹೋದ. ಬಸ್ ನಿಲ್ದಾಣದಲ್ಲಿ ನಿಂತಿದ್ದವನು ನಿಂತಲ್ಲೇ ಕುಸಿದ; ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತಾರು ವರ್ಷ ವಯಸ್ಸು. ಹೃದಯ ಎಂದರು ವೈದ್ಯರು, ಇಲ್ಲವೆಂದು ಯಾರಾದರೂ ಜಗಳಕ್ಕೆ ಬರುತ್ತಾರೇನೋ ಎನ್ನುವಷ್ಟು ಗಟ್ಟಿಯಾಗಿ.

ಅವಳಿಗೆ ಅಳು ಬಂದಿರಲಿಲ್ಲ. ಬರಲಿ ಎಂದು ಕಾದು ಕೂತವರು ಬೇಕಾದಷ್ಟು ಜನ ಇದ್ದರು. ಕಾದು ಕಾದು ಬೇಸತ್ತು ತಾವೇ ಅತ್ತು ಮುಗಿಸಿದರು. ಈಗ ಮನೆಯಲ್ಲಿ ಉಳಿದವರು ಅತ್ತೆ ಮತ್ತು ಮೈದುನ.

ಎಂಟೂವರೆಗೆ ಫೋನು ಬಂತು. ಅಡುಗೆಮನೆ ಮಾಡಿಕೊಡುವ ಶೋರೂಮಿನವನು. ತನ್ನ ಕಾರ್ಡಿನಲ್ಲಿ ‘ಅಡುಗೆಮನೆ ಸಲಹೆಗಾರ’ ಎಂದು ಹಾಕಿಸಿಕೊಂಡಿದ್ದ ಮಹಾಶಯ.

“ವಿಷಯ ಗೊತ್ತಾಯ್ತು ಮೇಡಂ, ತುಂಬಾ ಬೇಜಾರಾಯ್ತು. ಸರ್ ಬಹಳ ಒಳ್ಳೆಯವರು. ಚಿಮಣಿ ಕಪ್ಪೋ ಸ್ಟೀಲೋ ಅನ್ನೋದೊಂದು ಉಳ್ಕೊಂಡಿತ್ತು.”

ಎರಡು ಮಾತಿನ ನಡುವೆ ಅವನು ಉಸಿರೆಳೆದದ್ದೂ ಕೇಳಲಿಲ್ಲ. ನಕ್ಷೆಗೆ ಇವತ್ತು ಸಹಿ ಬಿದ್ದರೆ ನಾಳೆ ಕಾರ್ಖಾನೆಯಲ್ಲಿ ಹಲಗೆ ಕೊಯ್ಯಲು ಹಾಕುತ್ತಾರಂತೆ, ಇವತ್ತು ತಪ್ಪಿದರೆ ಇನ್ನು ಎರಡು ತಿಂಗಳು. ಅವಳು ಹೂಂ ಅಂದಳು. ಆ ಐದು ದಿನದಲ್ಲಿ ಅವಳು ಎಲ್ಲದಕ್ಕೂ ಹೂಂ ಅಂದಿದ್ದಳು. ಸುಲಭ, ಬಾಯಿ ತೆರೆಯಬೇಕಾಗಿಲ್ಲ.

ಆದರೆ ಈ ನಕ್ಷೆಗೆ ಹೂಂ ಅನ್ನುವುದೆಂದರೆ ಕಿಟಕಿ ಹೋದಂತೆ. ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ಆ ಗೋಡೆಯ ಈ ಮೂಲೆಯಿಂದ ಆ ಮೂಲೆಯವರೆಗೆ, ನೆಲದಿಂದ ಸೂರಿನವರೆಗೆ, ಓವನ್ ಕೂರಿಸುವ ಆಳೆತ್ತರದ ಬೀರು ಬರಬೇಕೆಂದು ಗಂಡ ಹಟ ಹಿಡಿದಿದ್ದ. ಕಿಟಕಿಯಲ್ಲಿ ಏನು ಕಾಣುತ್ತೆ, ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ತಾನೇ, ಎಂದಿದ್ದ. ನಿಜವೇ. ಬಟ್ಟೆ, ಅದರ ಮೇಲೆ ಒಂದು ಗೇಣು ಆಕಾಶ. ಕೆಲಸಕ್ಕೆ ಹೊರಡುವ ಮೊದಲು ಐದು ನಿಮಿಷ ಲೋಟ ಹಿಡಿದು ಅವಳು ನಿಲ್ಲುತ್ತಿದ್ದ ಜಾಗ ಅದು. ಇಷ್ಟನ್ನು ವಾದವೆಂದು ಯಾರ ಮುಂದೆ ಇಡುವುದು? ಎರಡು ತಿಂಗಳು ಜಗಳವಾಡಿ, ಸಾಕಾಗಿ ಸುಮ್ಮನಾಗಿದ್ದಳು. ಜಗಳದಲ್ಲಿ ಗೆದ್ದವನು ಈಗ ಇಲ್ಲ. ಸೋತವಳು ಬದುಕಿದ್ದಾಳೆ, ಕಿಟಕಿಯೂ ಇನ್ನೂ ಇದೆ.

“ಕೊನೇ ಆಸೆ ಕಣಮ್ಮ ಅವನದು,” ಎಂದರು ಅತ್ತೆ ಚಹಾ ಕುಡಿಯುತ್ತ. “ಅವನು ಹೆಂಗೆ ಬರೆದಿಟ್ಟಿದಾನೋ ಹಂಗೇ ಆಗ್ಬೇಕು.”

ಅವಳು ಅದನ್ನು ಕುರಿತು ಯೋಚಿಸಿದಳು. ಅವನ ಕೊನೆಯ ಆಸೆ ಬಹುಶಃ ಬಸ್ಸು ಬೇಗ ಬರಲಿ ಎಂಬುದಾಗಿತ್ತು.

ಶೋರೂಮಿನಲ್ಲಿ ಎಂಟು ಅಡುಗೆಮನೆಗಳಿದ್ದವು. ಒಂದರ ನಲ್ಲಿಯಲ್ಲೂ ನೀರು ಬರುವಂತಿರಲಿಲ್ಲ. ಬುಟ್ಟಿಗಳಲ್ಲಿ ಪ್ಲಾಸ್ಟಿಕ್ಕಿನ ನಿಂಬೆಹಣ್ಣು. ಯಾರೂ ಎಂದೂ ಏನನ್ನೂ ಬೇಯಿಸದ ಆ ಕಟ್ಟೆಗಳ ನಡುವೆ ಮೈದುನ ಮದುವಣಿಗನಂತೆ ಓಡಾಡಿದ. ಮನೆಯಲ್ಲಿ ಕುಡಿಯುವ ನೀರನ್ನೂ ಹೆಂಡತಿಯ ಕೈಯಿಂದಲೇ ಇಸಿದುಕೊಳ್ಳುವ ಗಂಡಸು, ಇಲ್ಲಿ ಪ್ರತಿ ಡ್ರಾಯರನ್ನೂ ಎಳೆದು ಎಳೆದು ಬಿಟ್ಟ. ಅವು ಸದ್ದಿಲ್ಲದೆ ತಾವಾಗಿಯೇ ಮುಚ್ಚಿಕೊಂಡಾಗಲೆಲ್ಲ, ತನ್ನ ಮಗು ಮೊದಲ ಹೆಜ್ಜೆ ಇಟ್ಟಂತೆ ಸುತ್ತ ನೋಡಿದ. ಚಿಮಣಿ ಎಷ್ಟು ಗಾಳಿ ಎಳೆಯುತ್ತದೆ, ಒಲೆಗೆ ಮೂರು ಬರ್ನರ್ ಸಾಕೋ ನಾಲ್ಕು ಬೇಕೋ, ಪಾತ್ರೆ ತೊಳೆಯುವ ಯಂತ್ರ ಎಷ್ಟು ಜನರ ಪಾತ್ರೆಗೆ ಸಾಲುತ್ತದೆ ಎಂದೆಲ್ಲ ವಿಚಾರಿಸಿದ. ಹನ್ನೆರಡು ಜನರದು ಎಂದ ಸಲಹೆಗಾರ. ಮೈದುನ ಮೆಚ್ಚಿ ತಲೆದೂಗಿದ. ಆ ಮನೆಯಲ್ಲಿ ಇನ್ನು ಮೇಲೆ ದಿನಕ್ಕೆ ಒಂದು ತಟ್ಟೆ, ಒಂದು ಲೋಟ.

ಅತ್ತೆ ಒಂದು ಗಾಜಿನ ಬಾಗಿಲಿನ ಬೀರುವಿನ ಮುಂದೆ ನಿಂತು, ಒಳಗೆ ಮಗನ ಫೋಟೋ ಇಟ್ಟರೆ ಹೇಗೆ ಎಂದು ಕೇಳಿದರು. ಒಳಗೆ ದೀಪ ಬರುತ್ತೆ ಅಮ್ಮ ಎಂದ ಸಲಹೆಗಾರ. ಅವನ ಮಾತು ಬೆಣ್ಣೆ, ಒಳಗೆ ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಕೊನೆಗೆ ನಕ್ಷೆ ಬಿಚ್ಚಿದ. ಅಂಚಿನಲ್ಲಿ ಗಂಡನ ಕೈಬರಹ, ಗುಂಡಗೆ, ಚೊಕ್ಕವಾಗಿ: ಕಿಟಕಿ ಗೋಡೆ ಎಂಟು ಅಡಿ ಐದು ಅಂಗುಲ. ಅತ್ತೆ ಆ ಅಂಕಿಗಳನ್ನು ಬೆರಳಿಂದ ಸವರಿದರು. ಅವಳು ಸವರಲಿಲ್ಲ. ಈ ಅಳತೆಯನ್ನು ನಿಮ್ಮ ಕಡೆಯವರು ಯಾರಾದರೂ ಬಂದು ನೋಡಿದ್ದಾರೆಯೇ ಎಂದು ಕೇಳಿದಳು. ಐದು ದಿನದಲ್ಲಿ ಅವಳು ಆಡಿದ ಮೊದಲ ಪೂರ್ತಿ ವಾಕ್ಯ ಅದು.

“ಅಳತೆಗೆ ನಮ್ಮ ಹುಡುಗರು ಬರೋದು ಸಹಿ ಆದ್ಮೇಲೆ ಮೇಡಂ.”

“ಆಗ ಅಳತೆ ತಪ್ಪಿದ್ದರೆ?”

“ಅದು ಗ್ರಾಹಕರ ಜವಾಬ್ದಾರಿ. ಸಹಿ ಮಾಡೋ ಕಾಗದದಲ್ಲೇ ಇದೆ.” ಇದನ್ನೂ ಒಂದು ಸೌಲಭ್ಯವೆಂಬಂತೆ ಹೇಳಿ ನಕ್ಕ.

ಅವನು ಸಹಿಗೆಂದು ಕೊಟ್ಟಿದ್ದ ಪೆನ್ನಿಗೆ ಅವಳು ಮುಚ್ಚಳ ಹಾಕಿದಳು. ಮನೆಗೆ ಹೋಗಿ ಒಮ್ಮೆ ಅಳೆದು ನೋಡಿ ಸಂಜೆಯೊಳಗೆ ಹೇಳುತ್ತೇನೆ ಎಂದಳು. ಕಿಟಕಿಯ ಮಾತೆತ್ತುವ ಧೈರ್ಯ ಬರಲಿಲ್ಲ. ಸತ್ತವನ ಅಂಕಿಯ ಮೇಲೆ ಅನುಮಾನ ಪಡುವುದು, ಸತ್ತವನ ಆಸೆಗೆ ಇಲ್ಲ ಅನ್ನುವುದಕ್ಕಿಂತ ಹಗುರವಾಗಿ ಕಂಡಿತು. ತನ್ನ ಹೇಡಿತನದ ಬಗ್ಗೆ ಅವಳಿಗೆ ಸಲಹೆಗಾರನ ಬಗ್ಗೆ ಇದ್ದಷ್ಟೇ ತಾತ್ಸಾರ ಹುಟ್ಟಿತು.

ದಾರಿಯುದ್ದಕ್ಕೂ ಮೈದುನ ಮುಖ ಊದಿಸಿಕೊಂಡಿದ್ದ. ಅಣ್ಣ ಬರೆದದ್ದನ್ನು ಮತ್ತೆ ಅಳೆಯುವುದೆಂದರೆ ಅಣ್ಣನನ್ನೇ ತಕ್ಕಡಿಗೆ ಹಾಕಿದಂತೆ ಎಂದ.

ಅಳೆಯಲು ಟೇಪು ಬೇಕಿತ್ತು. ಆಸ್ಪತ್ರೆಯವರು ಮರಳಿಸಿದ ಗಂಡನ ಕೆಲಸದ ಚೀಲವನ್ನು ಅವಳು ಅಂದು ಮೊದಲ ಸಲ ತೆರೆದಳು. ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಮೂಲೆ ಮಡಚಿದ ಚಿಮಣಿಯ ಕ್ಯಾಟಲಾಗು, ಅದರ ಕೆಳಗೆ ಒಂದು ಉಕ್ಕಿನ ಟೇಪು. ಹಳೆಯದು, ಭಾರದ್ದು. ಮೈಗೆ ಕೆಂಪು ಬಣ್ಣದ ಒಂದು ಪಟ್ಟೆ ಬಳಿದಿತ್ತು. ಆ ಪಟ್ಟೆ ಅವಳಿಗೆ ಗೊತ್ತು. ರಸ್ತೆಯ ತಿರುವಿನ ಬಡಗಿಯ ಉಳಿ, ಗರಗಸ, ಸುತ್ತಿಗೆ ಎಲ್ಲಕ್ಕೂ ಅದೇ ಕೆಂಪು ಪಟ್ಟೆ.

ಮೈದುನ ಒಂದು ತುದಿ ಹಿಡಿದು ಮೂಲೆಗೆ ಒತ್ತಿದ. ಅವಳು ಇನ್ನೊಂದು ಮೂಲೆಗೆ ನಡೆದು ಓದಿದಳು. ಎಂಟು ಅಡಿ ಐದು ಅಂಗುಲ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

“ನೋಡಿದ್ರಾ ಅತ್ತಿಗೆ? ಅಣ್ಣ ತಪ್ಪೋನಲ್ಲ,” ಎಂದು ಮೈದುನ ತುದಿಯನ್ನು ಬಿಟ್ಟ. ಗೆದ್ದ ಮುಖ ಹೊತ್ತು ಅಮ್ಮನಿಗೆ ಹೇಳಲು ಹೊರಗೆ ಹೋದ.

ಬರಿಗೋಡೆಯ ನಡುವೆ ಅವಳೊಬ್ಬಳೇ ಉಳಿದಳು. ಇನ್ನು ಮಾಡುವುದೇನೂ ಇರಲಿಲ್ಲ. ಕಿಟಕಿಗೆ ಬೆನ್ನು ಕೊಟ್ಟು ನಿಂತಳು. ಆ ಬೀರು ಎಷ್ಟು ಎತ್ತರಕ್ಕೆ ಬರುತ್ತದೋ, ಅದರ ಮೇಲಿನ ಖಾನೆ ತನ್ನ ಕೈಗೆ ಎಟುಕುತ್ತದೋ ಇಲ್ಲವೋ ಎಂದು, ಟೇಪಿನ ತುದಿಯನ್ನು ಹಿಮ್ಮಡಿಯಿಂದ ಮೆಟ್ಟಿ ಪಕ್ಕೆಯ ಉದ್ದಕ್ಕೂ ಮೇಲಕ್ಕೆ ಎಳೆದಳು. ನೆತ್ತಿಯ ಮಟ್ಟಕ್ಕೆ ಹೆಬ್ಬೆರಳು ಒತ್ತಿ ಇಳಿಸಿ ನೋಡಿದಳು. ಐದು ಅಡಿ ಎರಡು ಅಂಗುಲ.

ಶಾಲೆಯ ಕೊನೆಯ ವರ್ಷದಿಂದಲೂ ಅವಳು ಐದು ಅಡಿ ಒಂದೇ ಅಂಗುಲ. ಮದುವೆಯ ಮಾತುಕತೆಯಲ್ಲಿ ಎಷ್ಟು ಜನ ಎಷ್ಟು ಸಲ ಆ ಒಂದು ಅಂಗುಲದ ಬಗ್ಗೆ ಕೊರಗಿದ್ದರೆಂದರೆ, ಅದನ್ನು ಮರೆಯುವುದು ಸಾಧ್ಯವೇ ಇರಲಿಲ್ಲ. ಗಂಡ ಸತ್ತ ಐದೇ ದಿನಕ್ಕೆ ಹೆಂಗಸು ಒಂದು ಅಂಗುಲ ಬೆಳೆದುಬಿಡುವಳೇ?

ಟೇಪಿನ ತುದಿಗೆ ಕಪ್ಪು ಅಂಟುಪಟ್ಟಿ ಸುತ್ತಿತ್ತು. ಉಗುರಿನಿಂದ ಬಿಡಿಸಿದಳು. ತುದಿಯ ಕೊಂಡಿ ಇರಲಿಲ್ಲ. ಮೊದಲ ಅಂಗುಲವೂ ಇರಲಿಲ್ಲ. ಯಾರೋ ಒಂದು ಎಂಬ ಗೆರೆಯ ಮೇಲೆ ನೇರವಾಗಿ ಕತ್ತರಿಸಿ, ಬೆರಳಿಗೆ ತಾಗದಿರಲೆಂದು ಪಟ್ಟಿ ಸುತ್ತಿದ್ದರು. ಆ ಟೇಪಿನ ಲೋಕ ಒಂದರಿಂದಲೇ ಶುರು. ಗಂಡ ಕಿಟಕಿಯ ಗೋಡೆಗೆ, ಒಲೆಯ ಜಾಗಕ್ಕೆ, ಸಿಂಕಿಗೆ, ಎಲ್ಲಕ್ಕೂ ಒಂದೊಂದು ಅಂಗುಲ ಜಾಸ್ತಿ ಬರೆದಿದ್ದ. ಗುಂಡಗೆ, ಚೊಕ್ಕವಾಗಿ. ಸಹಿ ಬಿದ್ದಿದ್ದರೆ ಆ ಬೀರು ಎರಡು ಮೂಲೆಗಳ ನಡುವೆ ಕೂರದೆ ಬಾಗಿಲಲ್ಲೇ ನಿಂತು ಬಿಡುತ್ತಿತ್ತು.

ಅವಳು ಇಬ್ಬರನ್ನೂ ಕರೆದು ತೋರಿಸಿದಳು. ಮೈದುನ ಟೇಪನ್ನು ತಿರುಗಿಸಿ ಮುರುಗಿಸಿ ನೋಡಿದ. ಅದರಲ್ಲಿ ಅಣ್ಣನ ತಪ್ಪು ಎಳ್ಳಷ್ಟೂ ಇಲ್ಲ, ಎಲ್ಲ ಆ ದರಿದ್ರ ಬಡಗಿಯದು ಎಂದ. ಆಮೇಲೆ ಗೋಡೆಯನ್ನು ಬೆರಳಿಂದ ಕುಟ್ಟಿ, “ಒಂದಂಗುಲ ತಾನೇ ಅತ್ತಿಗೆ, ಗಾರೆ ಕೆತ್ತಿಸಿದ್ರಾಯ್ತು. ನಕ್ಷೆ ಹಂಗೇ ಇರ್ಲಿ,” ಎಂದ.

ಅವಳಿಗೆ ಅಲ್ಲೊಂದು ಸುಲಭದ ದಾರಿ ಇತ್ತು. ಗಾರೆ ಕೆತ್ತಿದರೆ ಗೋಡೆ ಬೀಳುತ್ತದೆ ಎನ್ನಬಹುದಿತ್ತು. ಅಳತೆ ತಪ್ಪಿತು, ಇನ್ನೇನು ಮಾಡುವುದು ಎಂದು ನಿಟ್ಟುಸಿರು ಬಿಡಬಹುದಿತ್ತು. ತಪ್ಪನ್ನು ಟೇಪಿನ ಮೇಲೆ ಹಾಕಿ ಕೈ ತೊಳೆದುಕೊಂಡರೆ ಅವಳ ಮೇಲೆ ಯಾರೂ ಮುನಿಯುತ್ತಿರಲಿಲ್ಲ.

“ಅಳತೆ ಸರಿ ಇದ್ದಿದ್ದರೂ ನಾನು ಕಿಟಕಿ ಮುಚ್ಚಿಸಲ್ಲ,” ಎಂದಳು. “ಅವರಿಗೆ ಓವನ್ ಬೇಕಿತ್ತು. ನನಗೆ ಬೇಡ. ಇಲ್ಲಿ ಇರೋಳು ನಾನು.”

ಮೈದುನ ಅಮ್ಮನ ಕಡೆ ನೋಡಿದ. ಅಮ್ಮ ಏನಾದರೂ ಅಂದರೆ ತಾನೂ ಅನ್ನಲು ಸಿದ್ಧನಾಗಿ ನಿಂತ. ಅತ್ತೆ ಆ ಕತ್ತರಿಸಿದ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದರು.

“ನಮ್ಮನೆ ಪರದೆ ಅವನೇ ಅಳೆದು ಹೊಲಿಸಿದ್ದು,” ಎಂದರು. “ಹದಿನೈದು ವರ್ಷ ಆಯ್ತು. ಇವತ್ತಿಗೂ ನೆಲ ಮುಟ್ಟಲ್ಲ. ಬೇಜಾರು ಮಾಡ್ಕೋತಾನೆ ಅಂತ ಹೇಳ್ಲಿಲ್ಲ.” ಸೆರಗಿನಿಂದ ಮೂಗು ಒರೆಸಿಕೊಂಡರು. “ನಿಂಗೆ ಹೆಂಗೆ ಬೇಕೋ ಹಂಗೆ ಮಾಡ್ಕೋ. ನಾನೇನು ಬಂದು ಬೇಯಿಸ್ತೀನಾ.”

ಅದು ಪ್ರೀತಿಯಲ್ಲ, ಅನುಮತಿಯೂ ಅಲ್ಲ. ದಣಿವು. ಅವಳಿಗೆ ಅಷ್ಟು ಸಾಕಿತ್ತು.

ಸಲಹೆಗಾರನಿಗೆ ಫೋನು ಮಾಡಿ, ಕಿಟಕಿಯ ಕೆಳಗೆ ಸೊಂಟದೆತ್ತರದ ಬೀರು, ಮೇಲೆ ಕಲ್ಲಿನ ಹಲಗೆ, ಎರಡು ಬರ್ನರಿನ ಒಲೆ, ಒಂದು ಸಿಂಕು, ಇಷ್ಟೇ ಎಂದಳು. ಅವನು ಬೆಚ್ಚಿಬಿದ್ದ. ಓವನ್ ಬೇಡವೇ, ಪಾತ್ರೆ ತೊಳೆಯುವ ಯಂತ್ರ ಬೇಡವೇ, ಚಿಮಣಿ ಇಲ್ಲದಿದ್ದರೆ ಹೊಗೆ ಎಲ್ಲಿಗೆ ಹೋಗಬೇಕು ಎಂದು ಕೇಳಿದ. ಕಿಟಕಿಯಿಂದ ಹೋಗುತ್ತದೆ ಎಂದಳು. ಇಂಥ ಪರಿಹಾರ ಅವನ ಕ್ಯಾಟಲಾಗಿನಲ್ಲಿ ಇರಲಿಲ್ಲ. ಅಳತೆಯವರು ಮೊದಲು ಬರಲಿ, ಸಹಿ ಆಮೇಲೆ. ಒಪ್ಪಿಗೆಯಿಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಳು. ಹಿಂದೆ ಯಾರಿಗೂ ಹಾಗೆ ಮಾಡಿಕೊಟ್ಟಿಲ್ಲ ಎಂದು ಎರಡು ಸಲ ಹೇಳಿ, ಮೂರನೆಯ ಸಲಕ್ಕೆ ಗುರುವಾರ ಬರುತ್ತಾರೆ ಎಂದ.

ಇಳಿಹೊತ್ತಿಗೆ ಅವಳು ಟೇಪು ಹಿಡಿದು ತಿರುವಿನ ಅಂಗಡಿಗೆ ಹೋದಳು. ಬಡಗಿ ಎರಡು ಬಾಗಿಲುಗಳನ್ನು ಅಡ್ಡ ಮಲಗಿಸಿ ತುದಿ ಕೊಯ್ಯುತ್ತಿದ್ದ. ಅವಳನ್ನು ಕಂಡು ಗರಗಸ ಕೆಳಗಿಟ್ಟ. ಸಾವಿನ ಸುದ್ದಿ ಅವನಿಗೆ ಗೊತ್ತಿತ್ತು. ಆ ಬಗ್ಗೆ ಒಂದೇ ಮಾತು, ಆಗಬಾರದಿತ್ತು ಎಂದ, ಅಷ್ಟಕ್ಕೇ ನಿಲ್ಲಿಸಿದ. ಅವಳು ಟೇಪನ್ನು ಚಾಚಿದಳು.

“ನಾನಿಲ್ಲದಾಗ ತಗೊಂಡೋಗಿದ್ರು ನಿಮ್ಮನೆಯವರು,” ಎಂದ. “ಇದ್ದಿದ್ರೆ ಹೇಳ್ತಿದ್ದೆ. ಕೊಂಡಿ ಮುರಿದಾಗ ನಾನೇ ಕತ್ತರಿಸಿದ್ದು, ಇದು ನನ್ನ ಕೈಗಷ್ಟೇ ಸರಿ. ಕೇಳೋಕೆ ಬರೋಣ ಅಂದ್ರೆ ಅಂಥ ಹೊತ್ತಲ್ಲಿ ಹೆಂಗೆ ಬರೋದು? ಹೊಸದು ತಂದೆ. ಕೈ ಹಳೇದಕ್ಕೆ ಒಗ್ಗಿಬಿಟ್ಟಿದೆ ನೋಡಿ, ಒಂದು ಕೂಡಿಸ್ಕೊಂಡೇ ಗುರುತು ಹಾಕುತ್ತೆ. ಎರಡು ಬಾಗಿಲೂ ಒಂದಂಗುಲ ಉದ್ದ.”

ಅವಳ ತುಟಿಯ ಒಂದು ಕೊನೆ ತಾನಾಗಿ ಮೇಲೆ ಹೋಯಿತು. ಐದು ದಿನದಿಂದ ಆ ಮುಖ ಯಾವ ಕಡೆಗೂ ಕದಲಿರಲಿಲ್ಲ.

ಬಡಗಿ ಟೇಪನ್ನು ಎಳೆದು ನೋಡಿದ. ಪಟ್ಟಿ ಬಿಚ್ಚಿದ್ದನ್ನು ಕಂಡ. ಡಬ್ಬಿಯಿಂದ ಕಪ್ಪು ಪಟ್ಟಿಯ ಸುರುಳಿ ತೆಗೆದ. ಒಂದು ಕೈಯಲ್ಲಿ ಟೇಪು, ಇನ್ನೊಂದರಲ್ಲಿ ಸುರುಳಿ, ತುದಿ ನಡುಗುತ್ತಿತ್ತು. ಅವಳು ಮುಂದೆ ಬಂದು ಹಿಡಿದುಕೊಂಡಳು. ಅವನು ಮೂರು ಸುತ್ತು ಸುತ್ತಿ, ಹಲ್ಲಿನಿಂದ ಹರಿದು, ಹೆಬ್ಬೆರಳಿನಿಂದ ಒತ್ತಿದ. ಬಿಡಿ ಎಂದ. ಅವಳು ಬಿಟ್ಟಳು.